ಎಡಚನ ಒರೆ

ಹಾಯಿ ಹೊಲಿಯುವ ಆ ಶೆಡ್ಡಿನಲ್ಲಿ ಎಲ್ಲರ ಚೂರಿಯೂ ಮಲಗಿಯೇ ಇರುತ್ತಿತ್ತು. ಬೆಲ್ಟಿನಿಂದ ಕೆಳಕ್ಕೆ ಜೋತಾಡುವ ಚೂರಿ ಅಲ್ಲಿ ಯಾರ ಸೊಂಟದಲ್ಲೂ ಕಾಣಸಿಗದು. ಗೇಣುದ್ದವೂ ಇಲ್ಲದ, ಮಡಚಲು ಬಾರದ ಪುಟ್ಟ ಚೂರಿ. ಅದಕ್ಕೊಂದು ಚರ್ಮದ ಒರೆ. ಒರೆ ಬೆನ್ನ ಹಿಂದೆ, ಬೆಲ್ಟಿನ ಗುಂಟ ಅಡ್ಡಡ್ಡ. ಕಾರಣ ಇಷ್ಟೇ: ಅಲ್ಲಿಯವರು ದಿನವಿಡೀ ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಅಂಬೆಗಾಲಿಟ್ಟು ಕೆಲಸ ಮಾಡುವವರು. ಜೋತಾಡುವ ಒರೆ ಕೂತರೆ ತೊಡೆಗೆ ಚುಚ್ಚುತ್ತದೆ, ಬಗ್ಗಿದರೆ ಬಟ್ಟೆ ಕೆರೆಯುತ್ತದೆ, ಎದ್ದರೆ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಅಡ್ಡ ಮಲಗಿದ್ದು ಯಾರ ತಂಟೆಗೂ ಹೋಗುವುದಿಲ್ಲ. "ನಿಂತ ಚೂರಿಗೆ ನೂರು ಜಗಳ, ಮಲಗಿದ ಚೂರಿ ಮನೆಯ ಮಗು" ಎನ್ನುವುದು ಮೇಸ್ತ್ರಿಯ ಮಾತು. ಹೊಸಬರು ಬಂದರೆ ಮೊದಲ ಪಾಠವೂ ಅದೇ. ಚಪ್ಪಲಿ ಹೊರಗೆ, ಚೂರಿ ಅಡ್ಡ.

ಅವಳು ಹೊಸಬಳು. ಅವಳ ಸೊಂಟದ ಚೂರಿ ಮಾತ್ರ ಹೊಸದಲ್ಲ. ಅದು ಎಡಚನದು.

ಎಡಚ ಅಂದರೆ ಅವಳ ಗಂಡ. ಉಣ್ಣುವುದು, ಬರೆಯುವುದು, ಹೊಲಿಯುವುದು ಎಲ್ಲ ಎಡಗೈಯಲ್ಲಿ. ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದನ್ನು ಯಾರೂ ಬಳಸದೆ ಅದು ತುಕ್ಕು ಹಿಡಿದಿತ್ತು. ಶೆಡ್ಡಿನಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ಬಾಯಲ್ಲೂ ಅವನು ಎಡಚನೇ. ಹೋದ ಚಳಿಗಾಲದಲ್ಲಿ ಜ್ವರ ಬಂತು. ಬಂದ ಜ್ವರ ಬರಿಗೈಯಲ್ಲಿ ಹೋಗಲಿಲ್ಲ.

ಅವಳು ಅಳಲಿಲ್ಲ. ನೋಡಲು ಬಂದವರು ಕಲ್ಲಾಗಿಬಿಟ್ಟಿದ್ದಾಳೆ ಪಾಪ ಅಂದರು. ಕಲ್ಲಲ್ಲ, ಜೋಮು. ಜೋಮು ಹಿಡಿದ ಕಾಲನ್ನು ಊರಿದರೆ ಕೆಳಗೆ ನೆಲ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಹಾಗೆ ಮೈಯೆಲ್ಲ. ಒಂದು ದಿನ ಕುದಿಯುವ ಚಹಾವನ್ನು ನೀರಿನಂತೆ ಕುಡಿದಳು. ನಾಲಿಗೆಯ ಸಿಪ್ಪೆ ಸುಲಿದದ್ದು ಅವಳಿಗೆ ಗೊತ್ತಾಗಲಿಲ್ಲ; ಅತ್ತೆ ನೋಡಿ ಲೋಟ ಕಿತ್ತುಕೊಂಡರು. "ಬಾಯಿ ಸುಟ್ಟಿದ್ದೂ ಗೊತ್ತಾಗಲ್ವೇನೇ?" ಅಂದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಬಿಸಿ ಇತ್ತಾ?" ಅಂದಳು.

ಮೇಸ್ತ್ರಿ ಮನೆಗೆ ಬಂದದ್ದು ಆಮೇಲೆ. ಬಾಗಿಲಲ್ಲೇ ನಿಂತು, "ಅವನ ಜಾಗ ಖಾಲಿ ಬಿದ್ದಿದೆ. ನಿನಗೂ ಸೂಜಿ ಹಿಡಿದು ಗೊತ್ತು. ಇಲ್ಲಿ ಕೂತು ಗೋಡೆ ನೋಡೋ ಬದಲು ಅಲ್ಲಿ ಬಂದು ಬಟ್ಟೆ ನೋಡು" ಅಂದ. ಅವಳು ಗೋಡೆಗೆ ಹೇಳುವಂತೆ ಆಗಲಿ ಅಂದಳು.

ಹೊರಡುವ ಬೆಳಿಗ್ಗೆ ಬಾಗಿಲ ಹಿಂದಿನ ಮೊಳೆಯಿಂದ ಅವನ ಬೆಲ್ಟು ತೆಗೆದಳು. ಅವನು ಹಾಕುತ್ತಿದ್ದ ತೂತು ಎಳೆದೆಳೆದು ಕಣ್ಣಿನಾಕಾರವಾಗಿತ್ತು. ಅವಳ ಸೊಂಟಕ್ಕೆ ಅದು ಸಡಿಲ. ಅತ್ತೆ ಮೊಳೆ ಕಾಯಿಸಿ ಬಹಳ ಒಳಗೆ ಇನ್ನೊಂದು ತೂತು ಮಾಡಿಕೊಟ್ಟರು. ಅವನ ಹಳೆಯ ಅಂಗಿ, ಮೇಲೆ ಬೆಲ್ಟು, ಬೆನ್ನಿಗೆ ಚೂರಿ. "ನನ್ನ ಮಗ ಕುಗ್ಗಿದ ಹಾಗಿದ್ದೀಯ" ಎಂದು ಅತ್ತೆ ಮುಖ ತಿರುಗಿಸಿಕೊಂಡರು.

ಶೆಡ್ಡಿನೊಳಗೆ ಬಿಳಿ. ಗೋಡೆಯಿಂದ ಗೋಡೆಗೆ ಹಾಸಿದ ಹಾಯಿಬಟ್ಟೆ, ಮೇಲಿನ ಗಾಜಿನ ಹಂಚುಗಳಿಂದ ಇಳಿಯುವ ಬೆಳಕು, ಆ ಬೆಳಕು ಬಟ್ಟೆಗೆ ಬಡಿದು ಮತ್ತೆ ಮೇಲೇರಿ ಜನರ ಗಲ್ಲಗಳನ್ನು ಕೆಳಗಿನಿಂದ ಬೆಳಗುತ್ತಿತ್ತು. ಯಾರಿಗೂ ನೆರಳೇ ಇಲ್ಲವೇನೋ ಅನ್ನಿಸುತ್ತಿತ್ತು. ಅವಳು ಒಂದು ಮೂಲೆಯಲ್ಲಿ ಮಂಡಿಯೂರಿದಳು. ದಬ್ಬಳಕ್ಕೆ ಮೇಣದ ದಾರ ಪೋಣಿಸಿದಳು. ಮೊದಲ ಹೊಲಿಗೆಗೆ ಮುಂದಕ್ಕೆ ಬಗ್ಗಿದಳು. ಬಗ್ಗಿದ್ದೇ ತಡ, ಬೆಲ್ಟು ಬಿಗಿದು ಒರೆ ಬೆನ್ನಿಗೆ ಒತ್ತಿತು.

ಅವಳು ಹಾಗೇ ಉಳಿದುಬಿಟ್ಟಳು, ಅರ್ಧ ಬಗ್ಗಿ.

ಅವರ ಅಡುಗೆಮನೆ ಇಕ್ಕಟ್ಟು. ಒಲೆಯ ಮುಂದೆ ಒಬ್ಬರು ನಿಂತರೆ ಇನ್ನೊಬ್ಬರು ಗೋಡೆ ಸವರಿಕೊಂಡೇ ದಾಟಬೇಕು. ನೀರು ಕುಡಿಯಲು ಬಂದಾಗಲೆಲ್ಲ ಎಡಚ ಅವಳ ಬೆನ್ನಿನ ಕೆಳಗಡೆ, ಸೊಂಟದ ತಗ್ಗಿನಲ್ಲಿ, ಎಡ ಅಂಗೈ ಇಟ್ಟು "ಸ್ವಲ್ಪ" ಅನ್ನುತ್ತಿದ್ದ. ಸ್ವಲ್ಪ ಸರಿ ಅನ್ನುವುದರಲ್ಲಿ ಸರಿ ಅನ್ನುವುದು ಯಾವತ್ತೂ ಬರುತ್ತಿರಲಿಲ್ಲ. ಅವಳೂ ಸರಿಯುತ್ತಿರಲಿಲ್ಲ. ನೀರಿಗೆಂದು ಬಂದವನು ನೀರು ಮರೆತು ಹೋಗುವುದೂ ಇತ್ತು.

ಈಗ ಅದೇ ಜಾಗ. ಅದೇ ಅಗಲ. ಅಂಗೈಯ ಬುಡ ಒತ್ತುವಷ್ಟೇ ಒತ್ತು. ಅವಳು ಇನ್ನೊಂದು ಹೊಲಿಗೆ ಹಾಕಿದಳು. ಒರೆ ಇನ್ನೊಮ್ಮೆ ಒತ್ತಿತು. ಸ್ವಲ್ಪ, ಅಂದಿತು.

ಅಂದಿನಿಂದ ಅವಳು ಬೆಳಗಾಗುವುದನ್ನೇ ಕಾಯತೊಡಗಿದಳು. ಊಟದ ರುಚಿ ಇನ್ನೂ ತಿಳಿಯದು, ಬಿಸಿಲು ತಣ್ಣೀರು ಎಲ್ಲ ಒಂದೇ. ಆದರೆ ಬೆನ್ನಿನ ಆ ಒಂದು ಗೇಣು ಜಾಗಕ್ಕೆ ಜೀವವಿತ್ತು. ಬಗ್ಗುವ ಕೆಲಸ ಯಾವುದಿದ್ದರೂ ತಾನೇ ಮುಂದಾಗಿ ಮಾಡುತ್ತಿದ್ದಳು. "ನೋಡಿ, ಎಡಚನ ಹೆಂಡತಿಗೆ ಸೊಂಟವೇ ಇಲ್ಲ, ಬರೀ ಕೀಲು" ಎಂದು ಗಿರಣಿಯಕ್ಕ ನಗುತ್ತಿದ್ದಳು. ಗಿರಣಿಯಕ್ಕ ಶೆಡ್ಡಿನ ದೊಡ್ಡ ಮಷಿನ್ ತುಳಿಯುವವಳು. ಮಷಿನ್ನು ನಿಂತರೂ ಅವಳ ಬಾಯಿ ನಿಲ್ಲದ ಕಾರಣ ಆ ಹೆಸರು. ಅವಳೇ ಹೇಳುವ ಪ್ರಕಾರ, ಮಷಿನ್ನಿಗೆ ಎಣ್ಣೆ ಬೇಕು, ತನಗೆ ಅದೂ ಬೇಡ.

ತೊಡಕಿದ್ದದ್ದು ಒಂದೇ. ಚೂರಿಯ ಹಿಡಿ ಎಡಕ್ಕಿತ್ತು. ಅವಳದು ಬಲಗೈ.

ದಾರ ಕತ್ತರಿಸಬೇಕೆಂದಾಗ ಎಡಗೈಯನ್ನು ಹಿಂದೆ ಒಯ್ದು ಚೂರಿ ಎಳೆದು, ಹೊಟ್ಟೆಯ ಮುಂದೆ ತಂದು, ಬಲಗೈಗೆ ದಾಟಿಸುತ್ತಿದ್ದಳು. ಮತ್ತೆ ಒಳಗಿಡಲು ಬಲಗೈಯಿಂದ ಎಡಗೈಗೆ. ಮೇಸ್ತ್ರಿ ಒಂದು ದಿನ ಪಕ್ಕದಲ್ಲಿ ಬಂದು ಕೂತ.

"ಏನಮ್ಮಾ, ಚೂರಿಗೆ ಊರು ತೋರಿಸ್ತಿದ್ದೀಯಾ?"

ಅವಳು ಚೂರಿಯನ್ನು ಒರೆಗೆ ಸೇರಿಸಿದಳು.

"ಹರಿತ ಇರೋದನ್ನ ಬಟ್ಟೆ ಮೇಲೆ ಕೈಯಿಂದ ಕೈಗೆ ದಾಟಿಸಬಾರದು. ಜಾರಿದರೆ ಬಟ್ಟೆ ಹೋಯ್ತು, ಇಲ್ಲ ನಿನ್ನ ತೊಡೆ ಹೋಯ್ತು. ಒರೆ ತಿರುಗಿಸಿ ಹಾಕ್ಕೋ."

ಅವಳು ತಿರುಗಿಸಿ ನೋಡಿದಳು. ಬೆಲ್ಟಿನಿಂದ ಒರೆ ಕಳಚಿ, ಹಿಂದುಮುಂದು ಮಾಡಿ, ಮತ್ತೆ ಪೋಣಿಸಿದಳು. ಹಿಡಿ ಬಲಕ್ಕೆ ಬಂತು, ಸರಿ. ಆದರೆ ಕೆಳಗಿರಬೇಕಾದ ಹರಿತ ಮೇಲಾಯಿತು. ಮೊದಲ ಸಲ ಎಳೆದಾಗಲೇ ಅಂಗಿಯ ಬೆನ್ನು ಬಾಯಿ ಬಿಟ್ಟಿತು. ಅದಕ್ಕಿಂತ ಹೆಚ್ಚಾಗಿ, ಬಗ್ಗಿದಾಗ ಒರೆ ಬೆನ್ನಿಗೆ ಎಲ್ಲೋ ತಾಗಿ ಎಲ್ಲೋ ಬಿಟ್ಟು ಕೂತಿತು. ಚರ್ಮದ ತುಂಡು, ಅಷ್ಟೇ. ಏನೂ ಅನ್ನಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಅವಳು ಅದನ್ನು ಮೊದಲಿನಂತೆ ಮಾಡಿಕೊಂಡಳು.

ಮೇಸ್ತ್ರಿ ಒರೆಯನ್ನು ಕೈಗೆ ತೆಗೆದುಕೊಂಡು ನೋಡಿದ. "ಹಾಗಲ್ಲ. ಬೆಲ್ಟು ತೂರೋ ಈ ಪಟ್ಟಿ ಇದೆಯಲ್ಲ, ಇದನ್ನ ಬಿಚ್ಚಿ ಒರೆಯ ಇನ್ನೊಂದು ಮೈಗೆ ಹೊಲೀಬೇಕು. ಆಗ ಹಿಡಿ ಬಲಕ್ಕೆ ಬರುತ್ತೆ, ಹರಿತ ಕೆಳಗೇ ಇರುತ್ತೆ. ಚರ್ಮ ನೆನೆಸಿ ಹೊಸದಾಗಿ ಬಾಗಿಸ್ಕೋಬೇಕು. ಒಂದು ಸಂಜೆ ಕೆಲಸ."

"ನಾಳೆ ಮಾಡ್ತೀನಿ ಮೇಸ್ತ್ರಿ."

ಪಟ್ಟಿಯ ಹೊಲಿಗೆ ಅವನದು. ಎಡಗೈಯ ಹೊಲಿಗೆಯಾದ್ದರಿಂದ ಎಲ್ಲ ಎಳೆಗಳೂ ಬೇರೆಯವರ ಹೊಲಿಗೆಗಿಂತ ವಿರುದ್ಧ ದಿಕ್ಕಿಗೆ ವಾಲಿದ್ದವು, ಎದುರುಗಾಳಿಗೆ ಸಿಕ್ಕ ಹುಲ್ಲಿನ ಹಾಗೆ. ಅದನ್ನು ಬಿಚ್ಚುವುದು. ಅವನ ಬೆನ್ನಿನ ಬಾಗು ಕುಡಿದ ಚರ್ಮವನ್ನು ನೀರಿಗೆ ಹಾಕಿ ಮರೆಸುವುದು. ಆಮೇಲೆ ಬಗ್ಗಿದಾಗ ಬೆನ್ನ ಮೇಲೆ ಯಾರಿರುತ್ತಾರೆ?

ನಾಳೆ, ನಾಳೆ ಅಂತಲೇ ದಿನಗಳು ಹೋದವು. ಗಿರಣಿಯಕ್ಕನಿಗೂ ಅದು ಬಾಯಿಪಾಠವಾಯಿತು. "ಏನೇ ಕೀಲು, ಒರೆ ಯಾವಾಗ ತಿರುಗಿಸ್ತೀಯ? ನಾಳೆ ತಾನೇ? ನಿನ್ನ ನಾಳೆಗೆ ಮೊಮ್ಮಕ್ಕಳು ಹುಟ್ಟಿದವು ಕಣೇ!"

ಮನೆಯಲ್ಲಿ ಅವಳು ಎಡಗೈ ಪಳಗಿಸಲು ಹೊರಟಳು. ಈರುಳ್ಳಿ ಹೆಚ್ಚುವುದು ಎಡಗೈಯಲ್ಲಿ, ತಲೆ ಬಾಚುವುದು ಎಡಗೈಯಲ್ಲಿ. ಅತ್ತೆ ನೋಡುವಷ್ಟು ನೋಡಿದರು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಅವನ ಎಡಗೈ ಬಿಡಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಬಟ್ಟೆ ಸುತ್ತಿ ಕಟ್ಟಿ ಕೂರಿಸ್ತಿದ್ದೆ. ಹಲ್ಲಲ್ಲಿ ಗಂಟು ಬಿಚ್ಚಿಕೊಂಡು ಓಡ್ತಿದ್ದ. ಕೊನೆಗೆ ನಾನೇ ಸೋತೆ. ಈಗ ಅವನು ಬಿಟ್ಟುಹೋದ ರೋಗ ನೀನು ಹಚ್ಚಿಕೊಳ್ತಿದ್ದೀಯಲ್ಲೇ."

"ಅಭ್ಯಾಸ ಆಗುತ್ತೆ ಅತ್ತೆ."

"ಈರುಳ್ಳಿಗೆ ಆಗಬಹುದು. ನಿನ್ನ ಬೆರಳಿಗೆ ಆಗಬೇಕಲ್ಲ" ಎಂದು ಅವಳ ಬೆರಳಿಗೆ ಚಿಂದಿ ಸುತ್ತಿದರು.

ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಹಾಯಿ ಮುಗಿದ ಮೇಲೆ ಅದನ್ನು ಕೊಡುವ ಮುಂಚೆ ಹಿತ್ತಲಿನ ಕಂಬಕ್ಕೆ ಒಮ್ಮೆ ಏರಿಸುವುದು. ಗಾಳಿ ತೆಳ್ಳಗಿರುವ ಹೊತ್ತು ನೋಡಿ ರಾಟೆಯಲ್ಲಿ ಹಗ್ಗ ಎಳೆದು ಬಿಡುವುದು. ಕೆಲಸ ಮಾಡಿದವರೆಲ್ಲ ಅದರ ಕೆಳಗೆ ಹುಲ್ಲಿನ ಮೇಲೆ ಅಂಗಾತ ಮಲಗಿ ಮೇಲೆ ನೋಡುವುದು. ಹೊಲಿಗೆ ತಪ್ಪಿದ ಕಡೆ ಬೆಳಕು ಚುಕ್ಕೆಯಾಗಿ ಕಾಣುತ್ತದೆ. ಯಾರ ಸಾಲಿನಲ್ಲಿ ಚುಕ್ಕೆಯೋ ಅವರು ಎಲ್ಲರ ಚಹಾ ಮಾಡಬೇಕು. ಮಲಗುವ ಮುಂಚೆ ಎಲ್ಲರೂ ಬೆಲ್ಟು ಜಗ್ಗಿ ಬೆನ್ನಿನ ಚೂರಿಯನ್ನು ಪಕ್ಕಕ್ಕೆ ತಂದುಕೊಳ್ಳುತ್ತಾರೆ. ಚೂರಿಯ ಮೇಲೆ ಯಾರೂ ಮಲಗುವುದಿಲ್ಲ.

ಅವಳು ಮಲಗುತ್ತಿದ್ದಳು. ಬಗ್ಗಿದಾಗ ಸಿಗುವುದು ಒಂದು ಗಳಿಗೆ. ಅಂಗಾತ ಮಲಗಿದರೆ ಮೈಭಾರವೆಲ್ಲ ಆ ಅಂಗೈಯ ಮೇಲೆ. ಮೇಲೆ ಬಿಳಿ ಬಟ್ಟೆ ಉಸಿರಾಡುತ್ತಿರುತ್ತದೆ, ಬೆನ್ನಿಗೆ ಅವನು. ಕಣ್ಣು ತೆರೆದೇ ನಿದ್ದೆ ಹೋದಂತೆ. ಚುಕ್ಕೆ ಹುಡುಕುವುದು ಮರೆತು ಅವಳ ಸಾಲಿನ ತಪ್ಪುಗಳನ್ನು ಬೇರೆಯವರು ತೋರಿಸಬೇಕಾಗುತ್ತಿತ್ತು. ಶೆಡ್ಡಿನಲ್ಲಿ ಅತಿ ಹೆಚ್ಚು ಚಹಾ ಮಾಡಿದವಳು ಅವಳೇ.

ಆ ದಿನದ ಹಾಯಿ ದೊಡ್ಡದು. ಮೇಸ್ತ್ರಿ ಕಂಬದ ಬಳಿ ರಾಟೆಯ ಹಗ್ಗ ಹಿಡಿದಿದ್ದ. ಕೆಳಮೂಲೆಯ ಹಗ್ಗ ಗಿರಣಿಯಕ್ಕನ ಕೈಯಲ್ಲಿ. ಅಕ್ಕ ಅಂಗಾತ ಮಲಗಿದ್ದ ಅವಳ ಬಲಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕೂತಿದ್ದಳು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ ಎಂದು ಮೇಸ್ತ್ರಿ ಹೇಳದ ದಿನವಿಲ್ಲ. ಮಾತಿನ ಭರದಲ್ಲಿ ಅಕ್ಕ ಮಣಿಕಟ್ಟಿಗೆ ಬಳೆಯಂತೆ ಸುತ್ತಿಕೊಂಡಿದ್ದಳು.

"ಅಗೋ ನೋಡೇ, ನಿನ್ನ ಸಾಲಲ್ಲಿ ನಕ್ಷತ್ರ! ಇವತ್ತೂ ಚಹಾ ನಿಂದೇ. ಸಕ್ಕರೆ ಮಾತ್ರ..."

ಸಕ್ಕರೆಯ ಮಾತು ಮುಗಿಯಲಿಲ್ಲ. ಎಲ್ಲಿತ್ತೋ ಗಾಳಿ, ಕಂಬದ ಹಿಂದಿನಿಂದ ಒಮ್ಮೆಲೇ ನುಗ್ಗಿತು. ಹಾಯಿ ಢಪ್ಪೆಂದು ಹೊಟ್ಟೆ ತುಂಬಿಕೊಂಡಿತು. ಸಡಿಲವಾಗಿದ್ದ ಹಗ್ಗ ಸರಳಿನಂತೆ ಸೆಟೆದು ಅಕ್ಕನ ಮಣಿಕಟ್ಟು ಕಚ್ಚಿತು. ಅಕ್ಕ ಕೂತಲ್ಲಿಂದಲೇ ಹುಲ್ಲಿನ ಮೇಲೆ ಜರುಗಿದಳು. ಹಗ್ಗ ಮಲಗಿದ್ದ ಎಡಚನ ಹೆಂಡತಿಯ ಮುಖದ ಮೇಲೇ, ಒಂದು ಮೊಳ ಮೇಲೆ, ಹಾದುಹೋಗಿತ್ತು. ಕತ್ತರಿಸಬೇಕು, ಅಷ್ಟೇ. ಅವಳ ಬಲಗೈ ತಾನಾಗಿ ಬೆನ್ನ ಕೆಳಗೆ ಹೋಯಿತು.

ಕೈಗೆ ಸಿಕ್ಕಿದ್ದು ಒರೆಯ ತುದಿ. ಮುಚ್ಚಿದ ತುದಿ. ಹೊಲಿದು ಮುಗಿಸಿದ ಚರ್ಮ.

ಬೆರಳುಗಳು ಅಲ್ಲೇ ತಡಕಾಡಿದವು. ಹಿಡಿ ಆಚೆ ಬದಿಯಲ್ಲಿತ್ತು. ಅವಳ ಮೈಭಾರದ ಅಡಿಯಲ್ಲಿ, ಎಡಕ್ಕೆ ತಿರುಗಿ. ಕಾಲ ನಿಂತಂತಿತ್ತು. ಬಿಳಿಯ ಆಳದಲ್ಲಿ ಅಕ್ಕನ ಬಾಯಿ ತೆರೆದಿತ್ತು, ಸದ್ದು ಇನ್ನೂ ಬಂದಿರಲಿಲ್ಲ. ಆ ನಿಂತ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು: ಈ ಚೂರಿ ಇಷ್ಟು ದಿನ ತನ್ನ ಬೆನ್ನಲ್ಲಿದ್ದರೂ ತನಗಾಗಿ ಇರಲಿಲ್ಲ. ಅದು ಇನ್ನೊಂದು ಕೈಗೆ ಕಾಯುತ್ತಾ ಮಲಗಿತ್ತು. ಆ ಕೈ ಬರುವುದಿಲ್ಲ.

ಆಮೇಲೆ ಸದ್ದು ಬಂತು. ಮೇಸ್ತ್ರಿ ರಾಟೆಯ ಹಗ್ಗ ಬಿಟ್ಟು ಓಡಿಬಂದ. ಅವನ ಕೈ ಸೊಂಟಕ್ಕೆ ಹೋದದ್ದೂ ಹಗ್ಗ ತುಂಡಾದದ್ದೂ ಒಂದೇ ಆಯಿತು. ಹಿಡಿದವರಿಲ್ಲದ ಹಾಯಿ ಒಮ್ಮೆ ಆಕಾಶಕ್ಕೆ ಹಾರಿ, ನಿಧಾನವಾಗಿ, ಎಲ್ಲರ ಮೇಲೂ ಇಳಿಯಿತು.

ಬಟ್ಟೆಯಡಿ ಎಲ್ಲವೂ ಹಾಲಿನ ಬಣ್ಣ. ಕೊನೆಗೆ ಎಲ್ಲಿಂದಲೋ ಗಿರಣಿಯಕ್ಕನ ದನಿ:

"ನಾನು ಸತ್ತೆನೇನ್ರೋ? ಇಷ್ಟು ಬೆಳ್ಳಗಿದೆ!"

"ಸತ್ತಿದ್ರೆ ಬಾಯಿ ಮುಚ್ಚಿರ್ತಿತ್ತು" ಎಂದ ಮೇಸ್ತ್ರಿ.

ಅಕ್ಕನ ಮಣಿಕಟ್ಟು ಊದಿ ನೀಲಿಗಟ್ಟಿತ್ತು. ಮೂಳೆ ಮುರಿದಿರಲಿಲ್ಲ. ಎಡಚನ ಹೆಂಡತಿ ಅದಕ್ಕೆ ಒದ್ದೆ ಬಟ್ಟೆ ಸುತ್ತುತ್ತಿರುವಾಗ ಅಕ್ಕನೇ ಸಮಾಧಾನ ಹೇಳಿದಳು: "ತಪ್ಪು ನಂದು ಬಿಡೇ. ಹಗ್ಗ ಸುತ್ತಿಕೊಂಡವಳು ನಾನು. ನೀನ್ಯಾಕೆ ಸುಣ್ಣ ಬಳಿದ ಗೋಡೆ ಥರ ಆಗಿದ್ದೀಯ?" ಅವಳ ಬಲಗೈ ಇನ್ನೂ ಆ ಮುಚ್ಚಿದ ತುದಿಯನ್ನೇ ಹಿಡಿದಂತಿತ್ತು.

ಸಂಜೆ ಮೇಸ್ತ್ರಿ ಬೈಯಲಿಲ್ಲ. ಬಾಗಿಲಲ್ಲಿ ತಡೆದು, "ಒರೆ ನಿನ್ನ ಕೈಗೆ ಮಾಡ್ಕೊಂಡು ಬಾ. ಆಗಲ್ಲ ಅಂದ್ರೆ ಚೂರಿ ಮನೇಲಿಟ್ಟು ಬಾ, ಮಷಿನ್ ಪಕ್ಕ ಕೂರು, ಬೇಕಾದಷ್ಟು ಕೆಲಸ ಇದೆ. ಯಾವುದಾದ್ರೂ ನನಗೆ ಸರಿ. ಇವತ್ತಿನ ಥರ ಮಾತ್ರ ಬರಬೇಡ" ಅಂದ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಎಲ್ಲಿಯೂ ಬಗ್ಗಲಿಲ್ಲ.

ಅತ್ತೆ ಕಿಟಕಿಯ ಬಳಿ ಕೂತಿದ್ದರು. ಇನ್ನೂ ಬೆಳಕಿತ್ತು. ಅವಳು ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟು, ಆದದ್ದನ್ನು ಹೇಳಿದಳು. ಬೆನ್ನಿನ ವಿಷಯ ಹೇಳಲಿಲ್ಲ. ಹೇಳದ್ದನ್ನೂ ಕೇಳಿಸಿಕೊಳ್ಳುವ ಕಿವಿ ಅತ್ತೆಯದು. ಅವರು ಒರೆಯನ್ನು ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದರು, ಕೆನ್ನೆಗೆ ತಾಗಿಸಿದರು. ಆಮೇಲೆ ಒಳಗೆ ಹೋಗಿ ಒಂದು ಬೋಗುಣಿಯಲ್ಲಿ ನೀರು ತಂದಿಟ್ಟರು.

"ನಾನೂ ಕಟ್ಟಿ ನೋಡಿದೆ, ಅವನ ಕೈ. ಸೋತೆ ಅಂದೆನಲ್ಲ. ಬಿಚ್ಚು."

ಅವಳು ಚೂರಿಯ ಮೊನೆಯಿಂದಲೇ ಬಿಚ್ಚಿದಳು. ಬಲಗೈಯಲ್ಲಿ. ವಾಲಿದ ಎಳೆಗಳು ಒಂದೊಂದಾಗಿ ಕಳಚಿದವು. ಪಟ್ಟಿಯನ್ನು ತೆಗೆದು ಇನ್ನೊಂದು ಮೈಗೆ ಹೊಲಿದಳು. ಅವಳ ಹೊಲಿಗೆ ಈ ಕಡೆಗೆ ವಾಲಿತು. ಇಷ್ಟು ದಿನ ಅವನ ಬೆನ್ನಿಗಿದ್ದ ಮೈ, ಬೆವರು ಕುಡಿದು ಕಪ್ಪಾದದ್ದು, ಈಗ ಹೊರಗಾಯಿತು. ಹೊರಗಿದ್ದ ಕಂದು ಮೈ ಒಳಗೆ ಬಂತು. ಬಿಚ್ಚಿದ ದಾರವನ್ನು ಅತ್ತೆ ಬೆರಳಿಗೆ ಸುತ್ತಿ ಎಲ್ಲೋ ಇಟ್ಟುಕೊಂಡರು. ಎಲ್ಲಿ ಎಂದು ಅವಳು ನೋಡಲಿಲ್ಲ.

ಒರೆ ನೀರಿನಲ್ಲಿ ಮುಳುಗಿತು. ಸಣ್ಣ ಗುಳ್ಳೆಗಳು ಬಂದವು, ನಿದ್ದೆಯಲ್ಲಿ ಮಾತಾಡುವವರ ಹಾಗೆ. ಬಾಗಿದ್ದ ಚರ್ಮ ಮೆಲ್ಲಗೆ ಚಪ್ಪಟೆಯಾಯಿತು.

ಚೂರಿಗೆ ಮೇಣ ಸವರಿ, ತೆಳು ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಅವಳು ಬೆಲ್ಟು ಕಟ್ಟಿಕೊಂಡಳು. ಒದ್ದೆ ಒರೆ ಬೆನ್ನಿಗೆ ಅಂಟಿತು. ಮುಂದೇನೆಂದು ಅವಳಿಗೆ ಗೊತ್ತಿತ್ತು, ನೋಡಿದ್ದಳು: ಒಣಗುವ ತನಕ ಯಾರಾದರೂ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಚರ್ಮ ಬೆನ್ನಿನ ಬಾಗು ಕಲಿಯುವುದಿಲ್ಲ. ಈ ಒರೆ ಹೊಲಿದ ದಿನ ಇದೇ ಮೇಜಿಗೆ ಮೊಣಕೈ ಊರಿ ಎಡಚ ಬಗ್ಗಿ ನಿಂತಿದ್ದ. "ಒತ್ತೇ, ಇನ್ನೂ ಒತ್ತು, ತಿಂದ ಅನ್ನ ಎಲ್ಲಿ ಹೋಯ್ತು" ಎಂದು ರೇಗಿಸುತ್ತಿದ್ದ. ಒತ್ತಿದ್ದು ಅವಳ ಅಂಗೈ.

ಅಂದರೆ ಆ ಬಾಗು ಅವಳ ಅಂಗೈಯದೇ.

ಅವಳು ಮೇಜಿಗೆ ಮೊಣಕೈ ಊರಿದಳು. "ಅತ್ತೆ, ಇಲ್ಲಿ ಒತ್ತಿ ಹಿಡೀತೀರಾ?"

ಅತ್ತೆ ಹಿಂದೆ ಬಂದು ನಿಂತರು. ಸೊಂಟದ ತಗ್ಗಿನಲ್ಲಿ ಎರಡೂ ಅಂಗೈ ಇಟ್ಟು ಭಾರ ಬಿಟ್ಟರು. ಒದ್ದೆ ಚರ್ಮದಿಂದ ನೀರು ಹಿಂಡಿ ಅಂಗಿಯೊಳಗೆ ಇಳಿಯಿತು. ಅವಳು ಬೆಚ್ಚಿದಳು.

"ಏನಾಯ್ತೇ?"

"ತಣ್ಣಗಿದೆ."

ಅತ್ತೆ ಅವಳ ಮುಖದತ್ತ ಬಾಗಿದರು. "ಏನಂದೆ?"

"ತಣ್ಣಗಿದೆ ಅತ್ತೆ. ಚರ್ಮ ತಣ್ಣಗಿದೆ. ನಿಮ್ಮ ಕೈ ಬಿಸಿ ಇದೆ."

"ಬಿಸಿ ಇರದೆ ಏನು, ಇನ್ನೂ ಬದುಕಿದ್ದೀನಲ್ಲ" ಅಂದರು ಅತ್ತೆ. ಮೂಗು ಒರೆಸಿಕೊಳ್ಳಲು ಒಂದು ಕೈ ತೆಗೆದರು; ಇನ್ನೊಂದನ್ನು ತೆಗೆಯಲಿಲ್ಲ. ಕಿಟಕಿಯ ಬೆಳಕು ಮೇಜಿನ ಮೇಲೆ ಉದ್ದವಾಗಿ ಮಲಗಿತ್ತು. ಬೋಗುಣಿಯ ನೀರು ಕಂದಾಗಿತ್ತು. ಅವಳ ಕಣ್ಣಿನಿಂದ ಏನೋ ಮೇಜಿಗೆ ಬಿತ್ತು. ಅದೂ ಬಿಸಿಯಾಗಿತ್ತು.

"ಎಲ್ಲಿ, ಕೈ ಹಾಕು ನೋಡೋಣ" ಅಂದರು ಅತ್ತೆ. "ಬಲಗೈ."

ಅವಳು ಬಲಗೈಯನ್ನು ಹಿಂದಕ್ಕೆ ಒಯ್ದಳು.

"ಸಿಕ್ತಾ?"

"ಸಿಕ್ತು."

"ಹಾಗಾದ್ರೆ ಸ್ವಲ್ಪ" ಎಂದರು ಅತ್ತೆ, "ಇನ್ನು ಸ್ವಲ್ಪ ಹೊತ್ತು ಅಲ್ಲಾಡಬೇಡ. ಒಣಗಲಿ."